ಎರಡನೆಯ ಸಾಕ್ಷಿ

ಎರಡು ಸಾವಿರದ ಏಳನೇ ಇಸವಿಯ ಮೇ ತಿಂಗಳಲ್ಲಿ ಎಮ್ಮಿಗನೂರಿನ ತ್ರಿವೇಣಿ ಹೊಸಪೇಟೆಯ ಪುರಂದರ ವಕೀಲರ ಆಫೀಸಿನ ಮೆಟ್ಟಿಲು ಹತ್ತಿದಾಗ ಅವಳನ್ನು ಮೊದಲು ಮಾತನಾಡಿಸಿದವನು ಗುಮಾಸ್ತ ಗಾದಿಲಿಂಗಪ್ಪ.

"ಕೇಸಿಗೆ ಬಂದಿಯೇನು? ಸಾಹೇಬ್ರು ಇಲ್ಲ. ಸಂಜಿಕಿ ಬಾ," ಎಂದ, ಬರೆಯುತ್ತಿದ್ದ ಕಾಗದದಿಂದ ತಲೆ ಎತ್ತದೆ.

"ಕೇಸಿಗಲ್ಲರಿ, ಇಂಟರ್ನ್‌ಶಿಪ್ಪಿಗೆ. ಬಳ್ಳಾರಿ ಲಾ ಕಾಲೇಜಿಂದ ಪತ್ರ ತಂದೀನಿ."

ಅವನು ಈಗ ತಲೆ ಎತ್ತಿ ಅವಳ ಜಡೆಯಿಂದ ಕಾಲಿನವರೆಗೆ ಒಮ್ಮೆ ನೋಡಿದ. "ಚಪ್ಲಿ ಹೊರಗ ಬಿಡು."

ಒಳಗೆ ಉಳಿದವರೆಲ್ಲ ಚಪ್ಪಲಿ, ಬೂಟು ಹಾಕಿಕೊಂಡೇ ಓಡಾಡುತ್ತಿದ್ದರು. ತ್ರಿವೇಣಿ ಅದನ್ನು ನೋಡಿಯೂ ಚಪ್ಪಲಿ ಬಿಟ್ಟು ಒಳಗೆ ಹೋದಳು. ಮೊದಲ ದಿನವೇ ಜಗಳ ಬೇಡವೆಂದುಕೊಂಡಳು.

ಆಗ ಸಂಡೂರಿನ ಗುಡ್ಡಗಳಿಂದ ಹಗಲೆನ್ನದೆ ರಾತ್ರಿಯೆನ್ನದೆ ಅದಿರು ಇಳಿಯುತ್ತಿತ್ತು. ಹೊಸಪೇಟೆಯ ರಸ್ತೆಯಲ್ಲಿ ಟಿಪ್ಪರುಗಳು ಒಂದರ ಬಾಲಕ್ಕೆ ಒಂದು ಮೂಗು ತಾಗಿಸಿ ನಿಂತಿರುತ್ತಿದ್ದವು. ಒಗೆದು ಹರವಿದ ಬಟ್ಟೆ ಒಣಗುವುದರೊಳಗೆ ಕೆಂಪಾಗುತ್ತಿತ್ತು. ಗಣಿ ಹೆಚ್ಚಿದಷ್ಟೂ ತಕರಾರು ಹೆಚ್ಚಿ, ಮೊದಲು ಆಸ್ತಿ ಪಾಲಿನ ದಾವೆ ನಡೆಸಿಕೊಂಡಿದ್ದ ವಕೀಲರು ಈಗ ಕಂಪನಿಗಳ ಕೆಲಸಕ್ಕೆ ನಿಂತಿದ್ದರು. ಅವರಲ್ಲಿ ಪುರಂದರ ವಕೀಲರದು ದೊಡ್ಡ ಹೆಸರು. ಎರಡು ಅಂತಸ್ತಿನ ಆಫೀಸು, ಐದು ಜನ ಜೂನಿಯರುಗಳು, ಬೇಸಿಗೆಗೆ ಬರುವ ಇಂಟರ್ನುಗಳು ಬೇರೆ.

ತ್ರಿವೇಣಿಗೆ ಅಲ್ಲಿ ಜಾಗ ಸಿಕ್ಕಿದ್ದು ಅವಳ ಅಂಕಗಳಿಂದಲ್ಲ. ಅಣ್ಣ ಹಂಪೇಶ ಸಂಡೂರಿನ ಒಂದು ಗಣಿ ಕಂಪನಿಯ ಟಿಪ್ಪರ್ ಓಡಿಸುತ್ತಿದ್ದ. ಆ ಕಂಪನಿಯ ಸೂಪರ್‌ವೈಸರ್‌ನ ಕೈಕಾಲು ಹಿಡಿದು, ಅವನಿಂದ ಪುರಂದರರಿಗೆ ಹೇಳಿಸಿದ್ದ. "ಒಂದ ತಿಂಗ್ಳು ಬಾಯಿ ಮುಚ್ಕೊಂಡು ಕೆಲಸ ಕಲಿ. ನಮ್ಮ ಮನಿತನದಾಗ ಕರೀಕೋಟು ಹಾಕ್ಕೊಂಡವರು ಯಾರೂ ಇಲ್ಲ," ಎಂದು ಚಿತ್ತವಾಡ್ಗಿಯ ತನ್ನ ಬಾಡಿಗೆ ಮನೆಯಲ್ಲಿ ಅವಳಿಗೆ ಒಂದು ಮೂಲೆ ಕೊಟ್ಟಿದ್ದ.

ಆ ಬೇಸಿಗೆಯಲ್ಲಿ ಆಫೀಸಿನಲ್ಲಿದ್ದ ಇನ್ನೊಬ್ಬ ಇಂಟರ್ನ್ ಅರ್ಚಿತಾ. ಪುರಂದರರ ತಂಗಿಯ ಮಗಳು. ಧಾರವಾಡದ ಹಾಸ್ಟೆಲ್ಲಿನಲ್ಲಿದ್ದು ಐದು ವರ್ಷದ ಕಾನೂನು ಓದುತ್ತಿದ್ದವಳು, ಮೂರನೇ ವರ್ಷ ಮುಗಿಸಿ ಬಂದಿದ್ದಳು. ಅವಳಿಗೆ ಮಾವನ ಕೋಣೆಯ ಪಕ್ಕದಲ್ಲೇ ಮೇಜು, ಫ್ಯಾನು. ತ್ರಿವೇಣಿಗೆ ಜೆರಾಕ್ಸ್ ಯಂತ್ರದ ಬಗಲಲ್ಲಿ ಒಂದು ಸ್ಟೂಲು. ಅರ್ಚಿತಾ ಕೆಟ್ಟವಳಲ್ಲ. ಆದರೆ ತ್ರಿವೇಣಿ ಬಾಯಿ ತೆರೆದಾಗಲೆಲ್ಲ ಅವಳ ತುಟಿಯ ತುದಿಯಲ್ಲಿ ಒಂದು ನಗು ಬಂದು ಕೂರುತ್ತಿತ್ತು.

"ಜಡ್ಜ್ ಮುಂದೂ ಹಿಂಗೇ 'ಹಂಗಲ್ಲರಿ, ಹಿಂಗರಿ' ಅಂತೀಯೇನು?" ಎಂದು ಒಮ್ಮೆ ಎಲ್ಲರೆದುರು ಕೇಳಿದಳು.

"ಜಡ್ಜ್‌ಗೆ ತಿಳಿತೈತಿ ಬಿಡು," ಎಂದಳು ತ್ರಿವೇಣಿ. ಜೂನಿಯರುಗಳು ನಕ್ಕರು. ಅವರು ನಕ್ಕಿದ್ದು ಯಾರನ್ನು ನೋಡಿ ಎಂದು ಇಬ್ಬರಿಗೂ ತಿಳಿಯಲಿಲ್ಲ. ಆವತ್ತಿನಿಂದ ಅವರಿಬ್ಬರ ನಡುವೆ ಕೆಲಸಕ್ಕೆ ಬೇಕಾದಷ್ಟೇ ಮಾತು.

ಇಂಟರ್ನ್‌ಶಿಪ್ಪು ಎಂದರೆ ಏನೆಲ್ಲ ಎಂದು ಮೊದಲ ವಾರದಲ್ಲೇ ಗೊತ್ತಾಯಿತು. ಜೆರಾಕ್ಸ್ ಮಾಡುವುದು, ಫೈಲಿಗೆ ದಾರ ಹಾಕುವುದು, ಪುಟಗಳಿಗೆ ನಂಬರು ಬರೆಯುವುದು. ಒಂದು ಭಾನುವಾರ ಕಂಪನಿಯ ಡೈರೆಕ್ಟರೊಬ್ಬರ ಹೆಂಡತಿ, ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗಿ ತೋರಿಸುವುದು ಕೂಡ ಕಾನೂನು ಅಭ್ಯಾಸದಲ್ಲಿ ಸೇರಿತು. ಉರಿಬಿಸಿಲಲ್ಲಿ ಆ ಹೆಂಗಸಿನ ಛತ್ರಿ ಹಿಡಿದು ವಿಜಯ ವಿಠ್ಠಲ ಗುಡಿಯ ಕಲ್ಲಿನ ಮೇಲೆ ನಡೆಯುವಾಗ ತ್ರಿವೇಣಿಗೆ ಸಿಟ್ಟು ಬರುತ್ತಿತ್ತು. ಆದರೂ ಕೋರ್ಟಿನ ದಿನಗಳಲ್ಲಿ ಪುರಂದರರು ವಾದಿಸುವುದನ್ನು ನೋಡಿದರೆ ಆ ಸಿಟ್ಟು ಇಳಿಯುತ್ತಿತ್ತು. ಅವರು ದನಿ ಎತ್ತುತ್ತಿರಲಿಲ್ಲ. ಎದುರಿನವರ ಒಂದು ಮಾತನ್ನು ಎತ್ತಿಕೊಂಡು, ತಿರುಗಿಸಿ, ಅವರ ಕೈಗೇ ವಾಪಸ್ಸು ಕೊಡುತ್ತಿದ್ದರು. ತ್ರಿವೇಣಿ ಅದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು.

ಎರಡನೇ ವಾರ ಪುರಂದರರು ಇಬ್ಬರು ಇಂಟರ್ನುಗಳನ್ನೂ ಕಂಪನಿಯ ಜೀಪಿನಲ್ಲಿ ಸಂಡೂರಿನ ಕಡೆ ಕಳಿಸಿದರು. ಉಚ್ಚೆಂಗಮ್ಮ ಎಂಬ ಹೆಂಗಸು ಹಂಪೇಶ ದುಡಿಯುತ್ತಿದ್ದ ಆ ಕಂಪನಿಯ ಮೇಲೆ ದಾವೆ ಹಾಕಿದ್ದಳು. ಗುಡ್ಡದ ಬುಡದ ತನ್ನ ಎರಡು ಎಕರೆ ಹೊಲದ ನಡುವೆ ಹೇಳದೆ ಕೇಳದೆ ದಾರಿ ಮಾಡಿಕೊಂಡು ಟಿಪ್ಪರ್ ಓಡಿಸುತ್ತಿದ್ದಾರೆ, ಅದನ್ನು ನಿಲ್ಲಿಸಬೇಕು ಎಂದು ಸಂಡೂರಿನ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಿದ್ದಳು. ಅದು ಬೆಳೆಯಿಲ್ಲದ ಬೀಳುಭೂಮಿ ಎಂದು ತೋರಿಸಲು ಕಂಪನಿಗೆ ಫೋಟೋ ಬೇಕಿದ್ದವು.

ಅರ್ಚಿತಾ ಧೂಳಿಗೆ ಕೆಮ್ಮುತ್ತ ಜೀಪಿನಲ್ಲೇ ಕುಳಿತಳು. ತ್ರಿವೇಣಿ ಕ್ಯಾಮೆರಾ ಹಿಡಿದು ಇಳಿದಳು. ಹೊಲದ ನಡುವೆ ಟಿಪ್ಪರಿನ ಗಾಲಿಗಳು ಮೊಣಕಾಲುದ್ದದ ತಗ್ಗು ತೋಡಿದ್ದವು. ಎರಡೂ ಕಡೆ ಹೋದ ಸಲದ ಜೋಳದ ಕೂಳೆಗಳು ಕೆಂಪು ಹಿಟ್ಟು ಮೆತ್ತಿಕೊಂಡು ನಿಂತಿದ್ದವು. ಅದು ಬೀಳುಭೂಮಿಯಲ್ಲ ಎಂದು ರೈತರ ಮನೆಯ ಹುಡುಗಿಗೆ ನೋಡಿದ ಕೂಡಲೇ ತಿಳಿಯಿತು. ಎರಡು ಫೋಟೋ ತೆಗೆಯುವುದರೊಳಗೆ ಬಾವಿಯ ಕಡೆಯಿಂದ ಒಬ್ಬ ಹೆಂಗಸು ಕೈಯಲ್ಲಿ ತಂಬಿಗೆ ಹಿಡಿದು ದಾಪುಗಾಲು ಹಾಕುತ್ತ ಬಂದಳು. ಐವತ್ತರ ಮೇಲಿನ ವಯಸ್ಸು, ಬತ್ತಿದ ಮೈ, ಗಟ್ಟಿ ಗಂಟಲು.

"ಯಾರವ್ವ ನೀನು? ಕಂಪನಿಯಾಕಿಯೇನು?"

"ವಕೀಲ್ರ ಆಫೀಸಿಂದ ಬಂದೀನಮ್ಮ. ಕಲಿಯಾಕ ಬಂದಾಕಿ."

"ಏನ್ ಕಲಿಯಾಕ? ಮಂದಿ ಹೊಲ ಹೆಂಗ ನುಂಗಬೇಕಂತ ಕಲಿಯಾಕೇನು?" ಉಚ್ಚೆಂಗಮ್ಮ ತಂಬಿಗೆಯನ್ನು ಅವಳ ಮುಖದ ಹತ್ತಿರ ಹಿಡಿದಳು. ನೀರು ಇಟ್ಟಿಗೆ ತೊಳೆದಂತಿತ್ತು. "ಕುಡಿ. ನಮ್ಮ ಬಾವಿ ನೀರು. ನಾವು ಕುಡಿತೀವಿ, ನೀನೂ ಕುಡಿ. ಅದನ್ನೂ ಫೋಟೋ ಹೊಡಿ."

ತ್ರಿವೇಣಿ ಕ್ಯಾಮೆರಾ ಎದೆಗೆ ಹಿಡಿದು ಹಿಂದೆ ಸರಿದಳು. ಉಚ್ಚೆಂಗಮ್ಮ ಆ ನೀರನ್ನು ಅವಳ ಬಿಳಿ ಚೂಡಿದಾರದ ಮೇಲೆ ಚೆಲ್ಲಿದಳು. ಆಮೇಲೆ ಸೆರಗಿನ ಗಂಟಿನಿಂದ ಒಂದು ಮಡಿಸಿದ ಕಾಗದ ತೆಗೆದು ಬಿಚ್ಚಿ ತೋರಿಸಿದಳು. ತಹಸೀಲ್ದಾರರಿಗೆ ಕೊಟ್ಟ ಅರ್ಜಿಯ ಪ್ರತಿ. ಕೆಳಗೆ ದೊಡ್ಡ ದೊಡ್ಡ ಅಕ್ಷರದಲ್ಲಿ, ಒಂದೊಂದನ್ನೂ ಕೆತ್ತಿದಂತೆ ಅವಳ ಹೆಸರಿತ್ತು.

"ನೋಡು. ರಾತ್ರಿ ಸಾಲಿಗೆ ಹೋಗಿ ಕಲ್ತೀನಿ. ಎಲ್ಲಿ ಹೋದ್ರೂ ಸಹಿ ಮಾಡ್ತೀನಿ, ಹೆಬ್ಬೆಟ್ಟು ಒತ್ತಾಕಿ ಅಲ್ಲ ನಾನು. ನಿಮ್ಮ ಸಾಹೇಬ್ಗ ಹೇಳು."

ಜೀಪಿನಲ್ಲಿ ಅರ್ಚಿತಾ ಮೂಗು ಮುಚ್ಚಿಕೊಂಡು ಆಚೆ ಸರಿದಳು. ತ್ರಿವೇಣಿ ಒದ್ದೆ ಬಟ್ಟೆಯಲ್ಲೇ ಹೊಸಪೇಟೆ ಮುಟ್ಟಿದಳು. ಆ ಹೆಂಗಸಿನ ಮೇಲೆ ಅವಳಿಗೆ ಆವತ್ತು ಸಿಟ್ಟೇ ಬಂದಿತ್ತು, ಕರುಣೆ ಬಂದಿರಲಿಲ್ಲ. ಅದನ್ನು ಅವಳು ಮುಂದೆಂದೂ ಮುಚ್ಚಿಡಲಿಲ್ಲ.

ನಾಲ್ಕು ದಿನದ ನಂತರ ಆ ದಾವೆಯ ವಿಚಾರಣೆ ಇತ್ತು. ಹಿಂದಿನ ದಿನ ಮಧ್ಯಾಹ್ನ ಪುರಂದರರು ಬಳ್ಳಾರಿಗೆ ಹೋಗಿದ್ದರು. ಜೂನಿಯರುಗಳು ಒಗ್ಗರಣಿ-ಮಿರ್ಚಿ ತರಿಸಿಕೊಂಡು ತಿನ್ನುತ್ತ ಕುಳಿತಿದ್ದಾಗ ಗಾದಿಲಿಂಗಪ್ಪ ಒಂದು ಕಾಗದ ತಂದು ತ್ರಿವೇಣಿಯ ಮುಂದಿಟ್ಟ.

"ಇಲ್ಲೊಂದು ಸಹಿ ಹಾಕು. ಎರಡನೇ ಸಾಕ್ಷಿ."

ಅವಳು ಓದಿದಳು. ಅದು ಒಪ್ಪಿಗೆ ಪತ್ರ. ಉಚ್ಚೆಂಗಮ್ಮ ಆದ ನಾನು ನನ್ನ ಹೊಲದಲ್ಲಿ ಕಂಪನಿಯ ವಾಹನಗಳು ಓಡಾಡಲು ಸ್ವಸಂತೋಷದಿಂದ ಒಪ್ಪಿರುತ್ತೇನೆ, ಎಂದಿತ್ತು. ಕೆಳಗೆ ಮಸಿ ಹರಡಿದ ಒಂದು ಹೆಬ್ಬೆಟ್ಟಿನ ಗುರುತು. ಮೊದಲ ಸಾಕ್ಷಿಯಾಗಿ ಕಂಪನಿಯ ಸೂಪರ್‌ವೈಸರ್ ಸಹಿ ಹಾಕಿದ್ದ. ತಾರೀಖು ಮಾತ್ರ ಹಿಂದಿನ ವರ್ಷದ ಡಿಸೆಂಬರ್ ಹದಿನಾಲ್ಕು.

"ಇದು ಡಿಸೆಂಬರ್ ತಾರೀಖಿಂದೈತಲ್ರೀ. ನಾ ಆಗ ಇಲ್ಲಿ ಇರ್ಲೇ ಇಲ್ಲ."

"ಇದ್ದಿಯೋ ಇಲ್ಲೋ ಅಂತ ಯಾರು ಕೇಳಿದ್ರು? ಹೆಣ್ಣಮಗಳ ಕಾಗದಕ್ಕ ಹೆಣ್ಣಮಗಳ ಸಾಕ್ಷಿ ಇದ್ರ ಚೊಲೋ ಕಾಣ್ತೈತಿ. ಹಾಕು, ಜಲ್ದಿ."

"ಆಕಿ ಸಹಿ ಮಾಡ್ತಾಳ್ರಿ. ನಾನ ನೋಡೀನಿ. ಹೆಬ್ಬೆಟ್ಟು ಯಾಕ ಒತ್ತತಾಳ?"

ಗಾದಿಲಿಂಗಪ್ಪನ ಮುಖ ಬಿಗಿಯಿತು. "ಲೇ ಹುಡುಗಿ, ಇಪ್ಪತ್ತಾರು ವರ್ಷ ಆತು ನಾ ಈ ಆಫೀಸ್ನಾಗ. ನೀ ಬಂದು ಹದಿನಾಲ್ಕ ದಿನ ಆಗಿಲ್ಲ. ನಿಮ್ಮಣ್ಣ ಯಾರ ಗಾಡಿ ಓಡಿಸ್ತಾನ ಅನ್ನೋದು ನೆನಪೈತಿಲ್ಲ?"

ಅವಳು ಪೆನ್ನಿನ ಟೊಪ್ಪಿಗೆ ಹಾಕಿದಳು. "ನಾ ನೋಡ್ಲಾರದ್ದಕ್ಕ ಸಾಕ್ಷಿ ಹಾಕಂಗಿಲ್ಲ," ಎಂದಳು. ಕಾಗದವನ್ನು ಅವನ ಕಡೆ ಸರಿಸಿದಳು.

ಸಂಜೆ ಪುರಂದರರು ಕೋಣೆಗೆ ಕರೆಸಿದರು. ಅವರು ಕೂಗಾಡುತ್ತಾರೆಂದು ಎದೆ ಗಟ್ಟಿ ಮಾಡಿಕೊಂಡು ಹೋದವಳಿಗೆ ಅವರ ತಣ್ಣನೆಯ ದನಿ ಇನ್ನಷ್ಟು ಹೆದರಿಕೆ ಹುಟ್ಟಿಸಿತು.

"ಸಾಕ್ಷಿ ಅಂದ್ರೆ ಯಾರಮ್ಮ? ಪುಸ್ತಕದಾಗ ಓದೀಯಲ್ಲ, ಹೇಳು."

"ಕಣ್ಣಾರೆ ನೋಡಿದವರು ಸರ್."

"ಈ ಕಾಗದ ಸುಳ್ಳು ಅನ್ನೋದನ್ನ ಕಣ್ಣಾರೆ ನೋಡೀಯೇನು?"

"ಇಲ್ಲ ಸರ್. ಖರೇ ಅನ್ನೋದನ್ನೂ ನೋಡಿಲ್ಲ. ಅದಕ್ಕ ಹಾಕ್ಲಿಲ್ಲ."

ಪುರಂದರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ಕಕ್ಷಿದಾರರು ಕೊಟ್ಟಿದ್ದು. ಖರೇ ಸುಳ್ಳು ನೋಡೋದು ಜಡ್ಜ್ ಕೆಲಸ. ನನ್ನದಲ್ಲ, ನಿನ್ನದಂತೂ ಅಲ್ಲೇ ಅಲ್ಲ. ಒಂದು ಮಾತು ನೆನಪಿಟ್ಕೋ. ಈ ಆಫೀಸಿನಾಗ ನೋಡಿದ್ದು ಕೇಳಿದ್ದು ಹೊರಗೆ ಹೋದರೆ, ನೀ ಕರೀಕೋಟು ಹಾಕದ ಹಂಗ ನಾ ನೋಡ್ಕೋತೀನಿ."

"ಹೋಗಂಗಿಲ್ಲ ಸರ್," ಎಂದಳು ತ್ರಿವೇಣಿ. ಅದು ಬರೀ ಹೆದರಿಕೆಯ ಮಾತಾಗಿರಲಿಲ್ಲ. ಕಕ್ಷಿದಾರನ ಗುಟ್ಟು ವಕೀಲನ ಆಫೀಸು ದಾಟಬಾರದು ಎಂದು ಅವಳೂ ಓದಿದ್ದಳು, ನಂಬಿದ್ದಳು. ಕೊಟ್ಟ ಮಾತು ಮುಂದೆ ಎಷ್ಟು ಭಾರವಾಗುತ್ತದೆಂದು ಆಗ ಗೊತ್ತಿರಲಿಲ್ಲ.

ಮರುದಿನ ಆ ಕಾಗದ ಕೋರ್ಟಿಗೆ ಹೋಯಿತು. ಎರಡನೇ ಸಾಕ್ಷಿಯ ಜಾಗದಲ್ಲಿ ಅರ್ಚಿತಾಳ ಸಹಿ ಇತ್ತು. ಗಾದಿಲಿಂಗಪ್ಪ ಬೇರೆ ಹತ್ತು ಹದಿನೈದು ಕಾಗದಗಳ ನಡುವೆ ಅದನ್ನೂ ಇಟ್ಟಿದ್ದ. ಅವಳು ಪುಟ ತಿರುಗಿಸುತ್ತ ಎಲ್ಲಕ್ಕೂ ಸಹಿ ಹಾಕಿದ್ದಳು. ತಂಗಿಯ ಮಗಳ ಹೆಸರು ಕಂಡಾಗ ಪುರಂದರರು ಗುಮಾಸ್ತನಿಗೆ ಬಾಯಿಗೆ ಬಂದಂತೆ ಬೈದರು. ಅಷ್ಟರಲ್ಲಿ ಕಾಗದ ಕೋರ್ಟಿನ ಫೈಲಿನೊಳಗಿತ್ತು, ವಾಪಸ್ಸು ತರುವಂತಿರಲಿಲ್ಲ. ಆ ಪತ್ರವನ್ನು ನೋಡಿಯೇ ನ್ಯಾಯಾಧೀಶರು ಉಚ್ಚೆಂಗಮ್ಮನಿಗೆ ತಡೆಯಾಜ್ಞೆ ನಿರಾಕರಿಸಿದರು. ದಾವೆ ಮುಗಿಯುವವರೆಗೆ ಟಿಪ್ಪರುಗಳು ಓಡಬಹುದೆಂದಾಯಿತು.

"ಓದಿ ಹಾಕಿದ್ಯಾ?" ಎಂದು ತ್ರಿವೇಣಿ ಅರ್ಚಿತಾಳನ್ನು ಕೇಳಿದಳು.

"ನಮ್ಮ ಮಾವನ ಆಫೀಸಿನಾಗ ನನಗೆ ಬುದ್ಧಿ ಹೇಳ್ಲಿಕ್ಕೆ ಬರಬ್ಯಾಡ," ಎಂದಳು ಅವಳು. ಆದರೆ ಅವಳ ಮುಖ ಬಿಳುಚಿಕೊಂಡಿತ್ತು.

ಅಲ್ಲಿಂದ ತ್ರಿವೇಣಿಯನ್ನು ಆಫೀಸಿನಲ್ಲಿ ಯಾರೂ ಬೈಯಲಿಲ್ಲ. ಸ್ಟೂಲು ಮಾತ್ರ ಕಾಣೆಯಾಯಿತು. ಹಳೆಯ ಫೈಲುಗಳ ಕೋಣೆಯಲ್ಲಿ, ಇಲಿಯ ಹಿಕ್ಕೆಯ ನಡುವೆ, ಹದಿನೈದು ವರ್ಷದ ಕಡತಗಳನ್ನು ಇಸವಿಯ ಪ್ರಕಾರ ಜೋಡಿಸಲು ಹಚ್ಚಿದರು. ಮಾತನಾಡಿಸಿದರೆ ಜೂನಿಯರುಗಳು ಕೇಳಿಸದವರಂತೆ ಹೋಗುತ್ತಿದ್ದರು. ಕೋರ್ಟಿಗೆ ಹೊರಟರೆ, "ನೀ ಬ್ಯಾಡ," ಎಂದು ಗಾದಿಲಿಂಗಪ್ಪ ಕಾರಿನ ಬಾಗಿಲು ಎಳೆದುಕೊಳ್ಳುತ್ತಿದ್ದ. ಅವಳು ದಿನಾ ಒಂಬತ್ತೂವರೆಗೆ ಬಂದು, ಸಂಜೆ ಆರಕ್ಕೆ ಹೋಗುತ್ತಿದ್ದಳು. ತಿಂಗಳು ಮುಗಿದಾಗ ಸಿಕ್ಕ ಸರ್ಟಿಫಿಕೇಟಿನಲ್ಲಿ ಎರಡೇ ಸಾಲು ಇದ್ದವು: ಹಾಜರಾತಿ ಅಸಮರ್ಪಕ, ನಡವಳಿಕೆ ತೃಪ್ತಿಕರವಾಗಿಲ್ಲ.

ಅದೇ ವಾರ ಹಂಪೇಶನನ್ನು ಟಿಪ್ಪರಿನಿಂದ ಇಳಿಸಿದರು. ಕಾರಣ ಹೇಳಲಿಲ್ಲ. ಕೀಲಿ ಇಸಿದುಕೊಂಡ ಸೂಪರ್‌ವೈಸರ್, "ತಂಗೀನ್ನ ಕೇಳು," ಎಂದನಂತೆ.

ಅವನು ಮನೆಗೆ ಬಂದು ತ್ರಿವೇಣಿಯ ಬ್ಯಾಗನ್ನು ಹೊಸಲಿನ ಹೊರಗಿಟ್ಟ. "ಒಂದು ಸಹಿ. ಒಂದ ಸಹಿ ಹಾಕಿದ್ರ ಏನು ನಿನ್ನ ಕೈ ಮುರಿತಿತ್ತಾ?"

"ಸುಳ್ಳು ಸಾಕ್ಷಿ ಅಣ್ಣ ಅದು. ನಾಳೆ ನಾನ ಜೈಲಿಗೆ..."

"ಜೈಲಿಗೆ ಹೋಗಾಕ ನೀ ಯಾವ ದೊಡ್ಡ ಮನುಷ್ಯಾಳು? ಯಾರು ಕೇಳ್ತಾರ ನಿನ್ನ?"

ಅತ್ತಿಗೆ ಬಾಗಿಲಲ್ಲಿ ನಿಂತು ಬೇರೆ ಕಡೆ ನೋಡಿದಳು. ತ್ರಿವೇಣಿ ಬ್ಯಾಗು ಎತ್ತಿಕೊಂಡು ಎಮ್ಮಿಗನೂರಿನ ಬಸ್ಸು ಹಿಡಿದಳು. ಹಂಪೇಶನಿಗೆ ಎರಡು ತಿಂಗಳ ನಂತರ ತೋರಣಗಲ್ಲಿನಲ್ಲಿ ಕಾಂಟ್ರಾಕ್ಟ್ ಕೆಲಸ ಸಿಕ್ಕಿತು. ತಂಗಿಯ ಜೊತೆ ಮಾತು ಮಾತ್ರ ಶುರುವಾಗಲಿಲ್ಲ.

ಕಾಲೇಜಿನವರು ಆ ಸರ್ಟಿಫಿಕೇಟು ನಡೆಯುವುದಿಲ್ಲ, ರಜೆ ಮುಗಿಯುವುದರೊಳಗೆ ಇನ್ನೊಂದು ಕಡೆ ಇಂಟರ್ನ್‌ಶಿಪ್ ಮುಗಿಸಿ ಬಾ ಎಂದರು. ಹೊಸಪೇಟೆಯಲ್ಲಿ ಆರು ಆಫೀಸು ತಿರುಗಿದಳು. ಎಲ್ಲ ಕಡೆ ಅವಳ ಹೆಸರು ಅವಳಿಗಿಂತ ಮೊದಲೇ ತಲುಪಿತ್ತು. ಕೊನೆಗೆ ಸಂಡೂರಿನಲ್ಲಿ ಮರಿಸ್ವಾಮಿ ಎಂಬ ವಕೀಲರ ಬಾಗಿಲಿಗೆ ಹೋದಳು. ಅರವತ್ತು ದಾಟಿದ ಮುಂಗೋಪಿ. ಬಸ್‌ಸ್ಟ್ಯಾಂಡಿನ ಹಿಂದೆ ಒಂದೇ ಕೋಣೆಯ ಆಫೀಸು. ಉಚ್ಚೆಂಗಮ್ಮನ ದಾವೆ ನಡೆಸುತ್ತಿದ್ದವರೂ ಅವರೇ. ಸಂಡೂರಿನಲ್ಲಿ ಕಂಪನಿಗಳ ವಿರುದ್ಧ ನಿಲ್ಲುವ ವಕೀಲ ಬೇರೆ ಯಾರೂ ಉಳಿದಿರಲಿಲ್ಲ.

"ಪುರಂದರ ಕಳಿಸಿದ್ನೇನು ನಿನ್ನ? ನನ್ನ ಫೈಲು ಓದಿ ಬಾ ಅಂತ?"

"ಅವರು ಕೆಟ್ಟ ಸರ್ಟಿಫಿಕೇಟು ಕೊಟ್ಟು ಕಳಿಸ್ಯಾರ್ರಿ. ಕಲಿಯಾಕ ಬಂದೀನಿ. ಒಂದ ಮಾತು ಮೊದಲ ಹೇಳ್ತೀನಿ ಸರ್. ಉಚ್ಚೆಂಗಮ್ಮನ ಫೈಲು ನಾ ಮುಟ್ಟಂಗಿಲ್ಲ. ಅದರ ಬಗ್ಗೆ ನೀವು ಏನೂ ಕೇಳಬ್ಯಾಡ್ರಿ, ಕೇಳಿದ್ರೂ ಹೇಳಂಗಿಲ್ಲ."

ಮರಿಸ್ವಾಮಿ ಮುಂದಿದ್ದ ಫೈಲು ಮುಚ್ಚಿದರು. "ಕೇಳಾಕ ನನಗ ಬ್ಯಾರೆ ಕೆಲಸ ಇಲ್ಲಂದ್ಕೊಂಡಿಯೇನು? ಕುಂದ್ರು. ಆ ಕಡಿ ಕುಂದ್ರು, ಗಾಳಿ ಅಡ್ಡ ಮಾಡಬ್ಯಾಡ." ಒಳ್ಳೆಯ ಮಾತು ಅಂತ ಅವರ ಬಾಯಿಂದ ಮೂರು ವಾರದಲ್ಲಿ ಬಂದದ್ದು ಅಷ್ಟೇ. ಆದರೆ ದಾವೆಪತ್ರ ಬರೆಯುವುದು, ಕಂದಾಯ ಕಚೇರಿಯಲ್ಲಿ ನಕಲು ತೆಗೆಸುವುದು, ಪಾಟಿಸವಾಲಿಗೆ ಪ್ರಶ್ನೆ ಜೋಡಿಸುವುದು, ಎಲ್ಲವನ್ನೂ ಬೈದು ಬೈದೇ ಕಲಿಸಿದರು. ತ್ರಿವೇಣಿ ಮರುವರ್ಷ ಎಲ್ಲೆಲ್ಬಿ ಮುಗಿಸಿ, ವಕೀಲಿ ಸನ್ನದು ಪಡೆದು ಅವರ ಬಳಿಯೇ ಜೂನಿಯರ್ ಆಗಿ ನಿಂತಳು.

ಉಚ್ಚೆಂಗಮ್ಮ ಕೋರ್ಟಿನ ಪ್ರತಿ ವಾಯಿದೆಗೂ ಆ ಆಫೀಸಿಗೆ ಬರುತ್ತಿದ್ದಳು. ಬಂದಾಗ ತ್ರಿವೇಣಿ ಎದ್ದು ಹೊರಗೆ ಹೋಗುತ್ತಿದ್ದಳು. "ಕಂಪನಿ ಹುಡುಗೀನ್ನ ಒಳಗ ಕುಂದ್ರಿಸ್ಕೊಂಡೀರಲ್ಲ," ಎಂದು ಆಕೆ ಗಟ್ಟಿಯಾಗಿ ಹೇಳುವುದು ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು. ಹೊಲದ ತಗ್ಗು ಪ್ರತಿ ಮಳೆಗಾಲಕ್ಕೂ ಆಳವಾಗುತ್ತಿರುವುದು, ಬಾವಿಯನ್ನು ಮುಚ್ಚಿದ್ದು, ಎರಡು ಹಂಗಾಮು ಬಿತ್ತದೆ ಬಿಟ್ಟದ್ದು ತ್ರಿವೇಣಿಗೆ ಗೊತ್ತಾಗುತ್ತಿತ್ತು. ಗೊತ್ತಾದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ. ಹೇಳಿಬಿಡಲೇ ಎಂದು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದಳು.

ದಾವೆಯಲ್ಲಿ ಹೆಬ್ಬೆಟ್ಟನ್ನು ತಜ್ಞರಿಗೆ ಕಳಿಸಿದ್ದರು. ಮಸಿ ಹರಡಿದೆ, ಹೋಲಿಸಲು ಬರುವುದಿಲ್ಲ ಎಂದು ವರದಿ ಬಂತು. ಉಚ್ಚೆಂಗಮ್ಮ ಸಹಿ ಮಾಡಬಲ್ಲಳಲ್ಲ ಎಂದರೆ, ಆವತ್ತು ಕೈಗೆ ಗಾಯವಾಗಿತ್ತು ಎಂದು ಕಂಪನಿ ಹೇಳಿತು. ಮೊದಲ ಸಾಕ್ಷಿಯಾಗಿದ್ದ ಸೂಪರ್‌ವೈಸರ್ ಕೆಲಸ ಬಿಟ್ಟು ಎಲ್ಲಿಗೋ ಹೋಗಿದ್ದ. ಹಾಗಾಗಿ ಎರಡು ಸಾವಿರದ ಒಂಬತ್ತರ ಸೆಪ್ಟೆಂಬರಿನಲ್ಲಿ ಕಂಪನಿಯ ಪರ ಕಟಕಟೆ ಹತ್ತಿದವಳು ಅರ್ಚಿತಾ. ಸ್ವಂತ ತಂಗಿಯ ಮಗಳು ಸಾಕ್ಷಿಯೆಂದು ಪುರಂದರರು ಆ ಕೇಸಿನಿಂದ ತಾವು ಸರಿದು, ಬಳ್ಳಾರಿಯ ಇನ್ನೊಬ್ಬ ವಕೀಲರನ್ನು ನಿಲ್ಲಿಸಿದ್ದರು. ಆದರೂ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ತ್ರಿವೇಣಿ ಕೊನೆಯ ಬೆಂಚಿನಲ್ಲಿ ಕುಳಿತಳು. ಹೋಗಬಾರದೆಂದುಕೊಂಡಿದ್ದಳು, ಆದರೆ ಕಾಲು ತಡೆಯಲಿಲ್ಲ.

ಮರಿಸ್ವಾಮಿ ಎದ್ದು ನಿಂತು ಮೊದಲು ಕೆಮ್ಮಿದರು.

"ಎರಡ್ಸಾವಿರದ ಆರರ ಹದಿನಾಲ್ಕನೇ ಡಿಸೆಂಬರ್ ನೀವು ಸಂಡೂರಿಗೆ ಬಂದು, ಈ ಅಮ್ಮ ಹೆಬ್ಬೆಟ್ಟು ಒತ್ತಿದ್ದನ್ನ ನೋಡೀರಿ?"

"ಹೌದು."

"ಹೆಂಗ ಬಂದ್ರಿ?"

"ಹೊಸಪೇಟೆಯಿಂದ ಕಾರಿನಲ್ಲಿ."

"ನಿಮ್ಮ ಅಫಿಡವಿಟ್‌ನಾಗ ಆಗಿನ ವಿಳಾಸ ಧಾರವಾಡದ ಹಾಸ್ಟೆಲ್ ಅಂತೈತಿ. ಅಲ್ಲೇ ಓದಾಕತ್ತಿದ್ರಾ ಆಗ?"

"ಹೌದು, ಮೂರನೇ ವರ್ಷ."

"ಚೊಲೋ ಆತು. ಡಿಸೆಂಬರ್‌ನಾಗ ಕಾಲೇಜಿಗೆ ರಜಾ ಇತ್ತೇನು?"

"ಇರಲಿಲ್ಲ."

"ಮತ್ತೇನಿತ್ತು?"

"ಪರೀಕ್ಷೆ."

"ಹದಿನಾಲ್ಕಕ್ಕ ಯಾವ ಪರೀಕ್ಷಿ?"

"ನೆನಪಿಲ್ಲ."

"ಹಾಲ್ ಟಿಕೆಟ್ ತಂದು ಹಾಜರು ಮಾಡ್ತೀರೇನವ್ವ? ಇಲ್ಲಾ ಕಾಲೇಜಿಗೆ ಸಮನ್ಸ್ ಕಳಿಸೂಣೇನು?"

ಬಳ್ಳಾರಿಯ ವಕೀಲರು ಆಕ್ಷೇಪಣೆ ಎತ್ತಿದರು. ನ್ಯಾಯಾಧೀಶರು ಕೈ ತೋರಿಸಿ ಅವರನ್ನು ಕೂರಿಸಿ, "ಉತ್ತರ ಹೇಳಿ," ಎಂದರು. ಅರ್ಚಿತಾ ಮಾವನ ಕಡೆ ನೋಡಿದಳು. ಪುರಂದರರು ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು. ಅವಳ ಕಣ್ಣು ಅಲ್ಲಿಂದ ಜಾರಿ ಕೊನೆಯ ಬೆಂಚಿಗೆ ಬಂದು ತ್ರಿವೇಣಿಯ ಮೇಲೆ ನಿಂತಿತು.

"ನಾನು ಆವತ್ತು ಬಂದಿರ್ಲಿಲ್ಲ," ಎಂದಳು ಕೊನೆಗೆ. "ಮೇ ತಿಂಗಳಾಗ ಆಫೀಸಿನಲ್ಲಿ ಸಹಿ ಹಾಕ್ಲಿಕ್ಕೆ ಹೇಳಿದ್ರು. ಹಾಕಿದೆ. ಈ ಅಮ್ಮ ಹೆಬ್ಬೆಟ್ಟು ಒತ್ತಿದ್ದನ್ನ ನಾ ನೋಡೇ ಇಲ್ಲ." ಆಮೇಲೆ ಕಟಕಟೆಯ ಕಟ್ಟಿಗೆ ಹಿಡಿದು ಅಳತೊಡಗಿದಳು.

ಹೊರಗೆ ಬೇವಿನ ಮರದ ಕೆಳಗೆ ಅವಳು ತ್ರಿವೇಣಿಯನ್ನು ತಡೆದಳು. ಕಣ್ಣು ಕೆಂಡವಾಗಿದ್ದವು. "ನೀನೇ ಹೇಳಿಕೊಟ್ಟಿ ಆ ಮುದುಕನಿಗೆ. ಧಾರವಾಡ, ಪರೀಕ್ಷೆ, ಎಲ್ಲ ನೀನೇ. ಎರಡು ವರ್ಷ ಕಾದು ಸೇಡು ತೀರಿಸ್ಕೊಂಡೀ."

"ನಾ ಏನೂ ಹೇಳಿಲ್ಲ ಅರ್ಚಿತಾ. ಅಫಿಡವಿಟ್‌ನಾಗ ನೀನ ಬರಕೊಟ್ಟಿ."

"ಸುಳ್ಳಿ!" ಎಂದು ಅವಳು ಹೋದಳು. ಪುರಂದರರು ಹಾದುಹೋಗುವಾಗ ಒಂದು ಕ್ಷಣ ನಿಂತು, "ಮಾತು ಕೊಟ್ಟಿದ್ದಿ, ನೆನಪಿದ್ದೀತು," ಎಂದಷ್ಟೇ ಹೇಳಿ ಕಾರು ಹತ್ತಿದರು. ಅಂದಿನಿಂದ ಹೊಸಪೇಟೆಯ ವಕೀಲರ ಸಂಘದಲ್ಲಿ ತ್ರಿವೇಣಿ ಎಂದರೆ ಸೀನಿಯರನ ಗುಟ್ಟು ಮಾರಿದವಳು ಎಂದೇ ಹೆಸರಾಯಿತು. ಅವಳು ಒಳಗೆ ಬಂದರೆ ಕುರ್ಚಿಗಳ ಮೇಲೆ ಕೋಟುಗಳು ಬೀಳುತ್ತಿದ್ದವು, ಜಾಗವಿಲ್ಲ ಎಂದು ತೋರಿಸಲು. ಮರಿಸ್ವಾಮಿಯೇ ಒಮ್ಮೆ ಎಲ್ಲರೆದುರು, "ಆಕಿ ನನಗ ಒಂದಕ್ಷರ ಹೇಳಿಲ್ಲ," ಎಂದರೂ ಯಾರೂ ನಂಬಲಿಲ್ಲ. ಅವರದೇ ಜೂನಿಯರ್ ಅಲ್ಲವೇ, ಅವರು ಇನ್ನೇನು ಹೇಳಿಯಾರು ಎಂದರು.

ಮರುವರ್ಷದ ಜನವರಿಯಲ್ಲಿ ತೀರ್ಪು ಬಂತು. ಒಪ್ಪಿಗೆ ಪತ್ರ ಸೃಷ್ಟಿಸಿದ್ದೆಂದು ಬರೆದು, ಆ ಹೊಲದಲ್ಲಿ ಟಿಪ್ಪರ್ ಓಡಿಸಬಾರದೆಂದು ನ್ಯಾಯಾಧೀಶರು ಕಂಪನಿಗೆ ಶಾಶ್ವತ ತಡೆ ಹಾಕಿದರು. ಮಾರನೇ ದಿನ ಉಚ್ಚೆಂಗಮ್ಮ ಆಫೀಸಿಗೆ ಬಂದಳು. ಮರಿಸ್ವಾಮಿಗೆ ಕೈಮುಗಿದು, ತ್ರಿವೇಣಿಯ ಮುಂದೆ ಬಂದು ನಿಂತಳು. ಆ ಫೈಲು ಮುಗಿದಿದ್ದರಿಂದ ತ್ರಿವೇಣಿ ಈ ಸಲ ಎದ್ದು ಹೋಗಿರಲಿಲ್ಲ.

"ಮಂದಿ ಎಲ್ಲ ಹೇಳ್ತಾರ, ಈ ಹುಡುಗೀನ ಹೇಳಿ ಗೆಲ್ಲಿಸಿದ್ಲಂತ. ಖರೇನಾ?"

"ಇಲ್ಲಮ್ಮ. ನಾ ಹೇಳಿಲ್ಲ."

"ಗೊತ್ತಿತ್ತಾ ನಿನಗ? ಅದು ಸುಳ್ಳು ಕಾಗದಂತ?"

ಹೌದೆನ್ನಲು ಅವಳಿಗೆ ಹಕ್ಕಿರಲಿಲ್ಲ. ಇಲ್ಲ ಎಂದರೆ ಸುಳ್ಳಾಗುತ್ತಿತ್ತು. ತ್ರಿವೇಣಿ ತಲೆ ತಗ್ಗಿಸಿದಳು. ಉಚ್ಚೆಂಗಮ್ಮನಿಗೆ ಅಷ್ಟೇ ಸಾಕಾಯಿತು.

"ಗೊತ್ತಿದ್ದೂ ಸುಮ್ನ ಕುಂತಿ. ಎರಡೂವರಿ ವರ್ಷ! ಈ ಕಡಿ ನಾ ಅಳಕೋತ ಬರ್ತಿದ್ದೆ, ಆ ಕಡಿ ನೀ ಎದ್ದು ಹೋಗ್ತಿದ್ದಿ. ನನ್ನ ಬಾವಿ ಹೋತು. ನನ್ನ ಹೊಲದ ಮಣ್ಣು ಕಲ್ಲಾತು. ಸುಳ್ಳು ಹೇಳಿದಾಕಿ ಆ ಹುಡುಗಿ, ಆಕಿ ಅತ್ತಾದ್ರೂ ಒಪ್ಕೊಂಡ್ಲು. ನೀ ಯಾವ ಜಾತಿ ಹೆಣ್ಣವ್ವ?"

"ವಕೀಲಿ ಕೆಲಸದಾಗ ಒಂದು ಕಟ್ಟು ಇರ್ತೈತಮ್ಮ..."

"ನಿನ್ನ ಕಟ್ಟು ಸುಡಗಾಡಿಗೆ ಹೋಗ್ಲಿ!" ಎಂದು ಉಚ್ಚೆಂಗಮ್ಮ ಹೊರಟುಹೋದಳು. ಮರಿಸ್ವಾಮಿ ಪತ್ರಿಕೆಯಿಂದ ಮುಖ ಎತ್ತಲಿಲ್ಲ. ಗುಟ್ಟು ಹೇಳಿದಳೆಂದು ದೂರಿದವರ ಮಾತು ತ್ರಿವೇಣಿಗೆ ಅಷ್ಟು ನಾಟಿರಲಿಲ್ಲ, ಅದು ಸುಳ್ಳೆಂದು ತನಗೆ ಗೊತ್ತಿತ್ತು. ಈಕೆಯ ಮಾತು ಮಾತ್ರ ನಾಟಿತು. ತಾನು ಮಾಡಿದ್ದು ಸರಿಯೆಂದು ಪುಸ್ತಕದ ಪ್ರಕಾರ ವಾದಿಸಬಲ್ಲಳು. ಆ ಹೆಂಗಸಿನ ಹೊಲದ ಬದುವಿನ ಮೇಲೆ ನಿಂತು ವಾದಿಸಲಾರಳು.

ಕಂಪನಿ ದಾರಿ ನಿಲ್ಲಿಸಿತು. ನಿಲ್ಲಿಸಿ, ಒಂದೇ ವಾರದಲ್ಲಿ ಪಕ್ಕದ ಹೊಲದಲ್ಲಿ ಹೊಸ ದಾರಿ ಮಾಡಿತು. ಆ ಹೊಲ ಹೊಳೆಮ್ಮ ಎಂಬ ವಿಧವೆಯದು. ಫೆಬ್ರವರಿಯ ಒಂದು ಬೆಳಿಗ್ಗೆ ಅವಳು ಆಫೀಸಿನ ಬಾಗಿಲಲ್ಲಿ ಬಂದು ನಿಂತು, ಒಳಗೆ ಮರಿಸ್ವಾಮಿ ಇಲ್ಲದ್ದನ್ನು ನೋಡಿ, ನೇರ ತ್ರಿವೇಣಿಯ ಮೇಲೆ ಹರಿಹಾಯ್ದಳು.

"ಉಚ್ಚೆಂಗಿ ಕೇಸು ಗೆಲ್ಲಿಸಿದಾಕಿ ನೀನೇನು? ಈಗ ಆ ಗಾಡಿ ಎಲ್ಲ ನನ್ನ ಹೊಲದಾಗ ಬಂದಾವ. ಆಕೀದು ಉಳಿಸಾಕ ನನ್ನದು ತುಳಿಸಿದ್ರೇನು ನೀವು? ನಾ ಏನ್ ಪಾಪ ಮಾಡಿದ್ದೆ ನಿಮಗ?"

"ಕುಂದ್ರಮ್ಮ," ಎಂದಳು ತ್ರಿವೇಣಿ.

"ಕುಂದ್ರಾಕ ಬಂದಿಲ್ಲ ನಾ. ಕೇಳಾಕ ಬಂದೀನಿ."

"ಕೇಳು. ಕೇಳ್ಕೋತ ಕುಂದ್ರು. ದಾರಿ ಯಾವತ್ತು ಮಾಡಿದ್ರು? ಮಾಡೋವಾಗ ಯಾರ್ಯಾರು ಕಣ್ಣಾರೆ ನೋಡ್ಯಾರ?"

ಹೊಳೆಮ್ಮ ಕುಳಿತುಕೊಳ್ಳಲಿಲ್ಲ. ನಿಂತೇ ಬೈಯುತ್ತ, ಬೈಗುಳದ ನಡುನಡುವೆಯೇ ತಾರೀಖು, ಹೊತ್ತು, ನೋಡಿದ ನಾಲ್ವರ ಹೆಸರು ಎಲ್ಲ ಹೇಳಿದಳು. ತ್ರಿವೇಣಿ ಒಂದು ಹೊಸ ಹಾಳೆ ತೆಗೆದು ಬರೆದುಕೊಳ್ಳತೊಡಗಿದಳು. ಮರಿಸ್ವಾಮಿ ಬಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಈ ವಕಾಲತ್ತಿಗೆ ನಿನ್ನ ಹೆಸರೇ ಬರಿ, ನನಗೆ ಬೇರೆ ಕೆಲಸ ಐತಿ, ಎಂದು ಗದರಿ ಮತ್ತೆ ಹೊರಗೆ ಹೋದರು. ಅದು ತ್ರಿವೇಣಿ ತನ್ನ ಸ್ವಂತ ಹೆಸರಿನಲ್ಲಿ ಹಿಡಿದ ಮೊದಲನೆಯ ಕೇಸು. ಮಧ್ಯಾಹ್ನದ ಹೊತ್ತಿಗೆ ಅವಳು ಆ ನಾಲ್ಕು ಜನ ಸಾಕ್ಷಿ ಹೇಳುತ್ತಾರೋ ಇಲ್ಲವೋ ಎಂದು ತಾನೇ ಕೇಳಿ ಬರಲು, ಇನ್ನೂ ಬೈಯುತ್ತಿದ್ದ ಹೊಳೆಮ್ಮನ ಹಿಂದೆ ಬಸ್ಸು ಹತ್ತಿದಳು.